ಮೂವತ್ತು ಸೆಕೆಂಡಿನ ಬಾಗಿಲು

ಐದು ಸೆಕೆಂಡಿಗೆ ಮುಚ್ಚುತ್ತಿದ್ದ ಲಿಫ್ಟ್ ಬಾಗಿಲು ಮೂವತ್ತು ಸೆಕೆಂಡಿಗೆ ಮುಚ್ಚುವ ಹಾಗೆ ಮಾಡಿ, ಲಿಫ್ಟಣ್ಣ ಭಾನುವಾರ ಬೆಳಿಗ್ಗೆ ಆರು ಗಂಟೆಗೇ ಸಿಟ್ಟು ಮಾಡಿಕೊಂಡು ತಾರಸಿಯಿಂದ ಇಳಿದ. ಆ ಏಳು ಮಹಡಿಯ ಕಟ್ಟಡದ ಲಿಫ್ಟನ್ನು ಹನ್ನೊಂದು ವರ್ಷದಿಂದ ನೋಡಿಕೊಂಡವನು ಅವನೇ. ಬಾಗಿಲು ಕಿರ್ರೆನ್ನಬಾರದು, ನಿಂತಾಗ ಹೊಟ್ಟೆ ತೊಳಸಬಾರದು, ಒಳಗಿನ ನೆಲಕ್ಕೂ ಹೊರಗಿನ ನೆಲಕ್ಕೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಬಾರದು, ಹಾಗೆ ಸಾಕಿದ್ದ. ಮಕ್ಕಳನ್ನೂ ಇಷ್ಟು ಮುತುವರ್ಜಿಯಿಂದ ಸಾಕಲಿಲ್ಲ ಎಂದು ಹೆಂಡತಿ ಆಗಾಗ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಈಗ ಅದೇ ಕೈಯಿಂದ ಅದನ್ನು ಕೆಡಿಸಿ ಬಂದಿದ್ದ. ಚೆನ್ನಾಗಿರುವುದನ್ನು ಕೆಡಿಸುವುದಕ್ಕೂ ಕಸುಬು ಬಲ್ಲವನೇ ಬೇಕಂತೆ, ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳುವುದು.

ಕೆಡಿಸಲು ಹೇಳಿದವಳು ನಗರಸಭೆಯಿಂದ ಬಂದ ತಜ್ಞೆ. ಲಿಫ್ಟಿನ ತಜ್ಞೆಯಲ್ಲ, ಮನುಷ್ಯರ ನಡವಳಿಕೆಯ ತಜ್ಞೆ. ಹತ್ತು ದಿನದ ಹಿಂದೆ ಕಟ್ಟಡದ ಸಂಘದ ಕಾರ್ಯದರ್ಶಿಯ ಮನೆಯಲ್ಲಿ ಕೂತು ಆಕೆ ಎಲ್ಲವನ್ನೂ ವಿವರಿಸಿದ್ದಳು. ಭೂಮಿ ಬಿಸಿಯೇರಿ ಕಾಯುತ್ತಿದೆ, ಕರೆಂಟು ಉಳಿಸಬೇಕು, ಜನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಬೇಕು. ಆದರೆ ಹತ್ತಿ ಎಂದರೆ ಯಾರೂ ಹತ್ತುವುದಿಲ್ಲ. ಲಿಫ್ಟ್ ಬಾಗಿಲು ತಡವಾಗಿ ಮುಚ್ಚಿದರೆ ಕಾದು ಕಾದು ಬೇಸತ್ತು, ತಮಗೇ ಗೊತ್ತಾಗದ ಹಾಗೆ ಮೆಟ್ಟಿಲ ಕಡೆ ತಿರುಗುತ್ತಾರೆ. ಬೈಯುವುದಿಲ್ಲ, ದಂಡ ಹಾಕುವುದಿಲ್ಲ, ಮೊಣಕೈಯಿಂದ ಮೆಲ್ಲಗೆ ತಿವಿದ ಹಾಗೆ, ಅಷ್ಟೇ.

ಭೂಮಿ ಕಾಯುತ್ತಿದೆ ಎಂದು ಲಿಫ್ಟಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಿಫ್ಟಿನ ಮೋಟಾರು ಇರುವುದು ತಾರಸಿಯ ಮೇಲಿನ ತಗಡಿನ ಬಾಗಿಲ ಕೋಣೆಯಲ್ಲಿ. ಹೋದ ಬೇಸಿಗೆಯಲ್ಲಿ ಅಲ್ಲಿ ಕಂಟ್ರೋಲ್ ಬೋರ್ಡು ಸುಟ್ಟು ಕರಕಲಾಗಿತ್ತು, ಅದನ್ನು ಬದಲಾಯಿಸುತ್ತಿದ್ದ ಇವನು ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಹಾಗಾಗಿ ಕರೆಂಟು ಉಳಿಸುವುದಕ್ಕೆ ಅವನ ತಕರಾರು ಇರಲಿಲ್ಲ. ಒಂದೇ ಒಂದು ಮಾತು ಕೇಳಿದ್ದ.

“ಮೇಡಂ, ಕದ್ದುಮುಚ್ಚಿ ಯಾಕೆ? ಹಿಂಗಿಂಗೆ ಅಂತ ಜನರನ್ನೇ ಒಂದು ಮಾತು ಕೇಳಿದ್ರೆ ಆಗಲ್ವಾ?”

ತಜ್ಞೆ, ಹಲ್ಲು ಬಾರದ ಮಗುವನ್ನು ನೋಡಿದ ಹಾಗೆ ಅವನನ್ನು ನೋಡಿ ನಕ್ಕಳು. “ಕೇಳಿದ್ರೆ ಎಲ್ಲಾರೂ ಹೂಂ ಅಂತಾರೆ, ಯಾರೂ ಮಾಡಲ್ಲ. ಅದಕ್ಕೇ ನಮ್ಮ ಶಾಸ್ತ್ರ ಇರೋದು.”

ಕಾರ್ಯದರ್ಶಿ ಇದ್ದದ್ದು ಮೊದಲನೇ ಮಹಡಿಯಲ್ಲಿ. ಆ ಪುಣ್ಯಾತ್ಮ ಲಿಫ್ಟಿನೊಳಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಬಾಗಿಲು ಮೂವತ್ತು ಸೆಕೆಂಡಿಗೆ ಮುಚ್ಚಿದರೂ ಮೂವತ್ತು ದಿನಕ್ಕೆ ಮುಚ್ಚಿದರೂ ಅವನ ಗಂಟೇನೂ ಹೋಗುತ್ತಿರಲಿಲ್ಲ. ವಿಷಯ ಮೂವರಲ್ಲೇ ಇರಬೇಕು, ಹೊರಬಿದ್ದರೆ ಪ್ರಯೋಗ ಕೆಟ್ಟಿತು, ಹೆಂಡತಿಗೂ ಹೇಳಕೂಡದು ಎಂದು ಬಾಯಿಗೆ ಬೀಗ ಹಾಕಿಸಿದ. ಭಾನುವಾರ ಒಂದು ದಿನದ ಮಾತು, ಸಂಜೆ ಸಂಘದ ವಾರ್ಷಿಕ ಸಭೆಯಲ್ಲಿ ಮೇಡಮ್ಮೇ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಮುಂದಿನ ವರ್ಷ ಲಿಫ್ಟ್ ಯಾರು ನೋಡಿಕೊಳ್ಳಬೇಕು ಎನ್ನುವುದು ತೀರ್ಮಾನವಾಗುವುದೂ ಅದೇ ಸಭೆಯಲ್ಲಿ. “ಸಹಕಾರ ಕೊಟ್ರೆ ಕೆಲಸ ನಿಮ್ದೇ. ಇಲ್ಲಾಂದ್ರೆ ನನ್ನ ಕೈಯಲ್ಲೇನಿದೆ ಹೇಳಿ?” ಅಂದ. ಲಿಫ್ಟಣ್ಣ ಹೂಂ ಅಂದ. ಬೇರೆ ಏನನ್ನುತ್ತಾನೆ, ಅವನಿಗೆ ಇದ್ದದ್ದು ಅದೊಂದೇ ಲಿಫ್ಟು.

ತಜ್ಞೆ ಎರಡನೇ ಮತ್ತು ಮೂರನೇ ಮಹಡಿಯ ನಡುವೆ, ಮೆಟ್ಟಿಲು ತಿರುಗುವ ಕಡೆ, ಮೊಣಕಾಲೆತ್ತರದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಅಂಟಿಸಿ ಹೋಗಿದ್ದಳು. ಯಾರಾದರೂ ದಾಟಿದರೆ ಅದು ಟಿಕ್ ಎಂದು ಒಂದು ಎಣಿಸುತ್ತದೆ. ಅದು ಕ್ಯಾಮೆರಾ ಅಲ್ಲ, ಕಾಲು ಎಣಿಸುತ್ತದೆ, ಯಾರ ಕಾಲೆಂದು ಕೇಳುವುದಿಲ್ಲ, ಯಾರ ಗುಟ್ಟೂ ಹೊರಗೆ ಬರುವುದಿಲ್ಲ ಎಂದು ಭರವಸೆ ಕೊಟ್ಟಿದ್ದಳು. ಜನ ಕೇಳಿದರೆ ಇಲಿ ಓಡಿಸುವ ಯಂತ್ರ ಎಂದು ಹೇಳಬೇಕೆಂದು ಕಾರ್ಯದರ್ಶಿ ಅಪ್ಪಣೆ ಮಾಡಿದ್ದ.

ಏಳು ಗಂಟೆಗೆ ಮೊದಲ ಫೋನು ಬಂತು. ಆರನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರು. ಮೂವತ್ತೈದು ವರ್ಷ ಮಕ್ಕಳು ಎಷ್ಟು ನಿಮಿಷ ತಡವಾಗಿ ಬಂದರೆಂದು ನೋಡಿದ ಗಡಿಯಾರ ಇನ್ನೂ ಅವರ ಕೈಯಲ್ಲೇ ಇತ್ತು.

“ಲಿಫ್ಟಣ್ಣಾ, ಬಾಗಿಲು ಮೂವತ್ತು ಸೆಕೆಂಡು ತಗೊಳ್ತಿದೆ. ಮೂರು ಸಲ ನೋಡಿದೀನಿ. ಕೆಳಗೆ ನಿಂತಿದೀನಿ, ಬಂದು ನೋಡು. ನೀನು ಬರೋ ತನಕ ಲಿಫ್ಟ್ ಬಿಡಲ್ಲ.”

ಅವರು ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ. ಲಿಫ್ಟಣ್ಣ ಏಳನೇ ಮಹಡಿಯ ತನ್ನ ಮನೆಯಿಂದ ಮೆಟ್ಟಿಲು ಇಳಿದ. ಮೂರು ವರ್ಷದ ಹಿಂದೆ ಲಿಫ್ಟಿನ ತಳದ ಗುಂಡಿಗೆ ಬಿದ್ದು ಏಟು ಮಾಡಿಕೊಂಡ ಎಡ ಮೊಣಕಾಲು ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ಚುಳ್ ಎನ್ನತೊಡಗಿತು. ಕೆಳಗೆ ಹೆಡ್‌ಮಾಸ್ಟರು ಒಂದು ಕಾಲು ಲಿಫ್ಟಿನೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತಿದ್ದರು. ಧೂಳು ಸೇರಿರಬೇಕು ಎಂದು ಲಿಫ್ಟಣ್ಣ ಒಂದು ಸುಳ್ಳು ಬಿಟ್ಟ. ಧೂಳಾದರೆ ಒರೆಸು, ಒರೆಸಿದ ಮೇಲೆ ನಾನು ಇಲ್ಲಿಂದಲೇ ನೋಡುತ್ತೇನೆ ಎಂದರು ಅವರು. ಅವರು ಲಿಫ್ಟಿನಲ್ಲೇ ನಿಂತ ಕಾರಣ ಇವನು ತಾರಸಿಗೆ ಮೆಟ್ಟಿಲು ಹತ್ತಿಯೇ ಹೋದ, ಮೋಟಾರಿನ ಕೋಣೆಯಲ್ಲಿ ಒಂದು ಚಿಂದಿ ಬಟ್ಟೆ ಹಿಡಿದು ಸುಮ್ಮನೆ ಐದು ನಿಮಿಷ ಕೂತ, ಮತ್ತೆ ಇಳಿದು ಬಂದ. ಬಾಗಿಲು ಮೂವತ್ತು ಸೆಕೆಂಡಿಗೇ ಮುಚ್ಚಿತು. ಹೆಡ್‌ಮಾಸ್ಟರು ಗಡಿಯಾರದಿಂದ ತಲೆ ಎತ್ತಿ, ದಡ್ಡ ಹುಡುಗನಿಗೆ ಹೇಳುವ ದನಿಯಲ್ಲಿ, “ಇನ್ನೊಂದ್ಸಲ ಮಾಡು” ಅಂದರು.

ಮನೆಗೆ ಬಂದರೆ ಮಾವ ಕಾಯುತ್ತಿದ್ದರು. ಮಾವ ಎಂದರೆ ಬರೀ ಹೆಂಡತಿಯ ಅಪ್ಪ ಅಲ್ಲ, ಕಸುಬಿನ ಗುರು. ದೊಡ್ಡ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೂತು ಜನರನ್ನು ಮೇಲೆ ಕೆಳಗೆ ಸಾಗಿಸಿದವರು. ಲಿಫ್ಟಣ್ಣ ಮೊದಲು ಅವರ ಶಿಷ್ಯನಾದ, ಆಮೇಲೆ ಅಳಿಯನಾದ. ಹಾಗಾಗಿ ಮಾವ ಇವತ್ತಿಗೂ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಈಗ ಕಾಲು ಸೋತಿತ್ತು, ಮನೆಯೊಳಗೆ ಗೋಡೆ ಹಿಡಿದುಕೊಂಡು ಓಡಾಡುವುದೇ ದೊಡ್ಡದು. ಆದರೆ ಕಿವಿ ಗಟ್ಟಿಯಾಗಿತ್ತು. ಮಂಚದ ಮೇಲೆ ಮಲಗಿಯೇ ಬಾಗಿಲ ಸದ್ದು ಕೇಳಿ ಲಿಫ್ಟಿನ ಜಾತಕ ಹೇಳಬಲ್ಲವರು.

“ಇದು ಕೆಟ್ಟಿದ್ದಲ್ಲ,” ಅಂದರು. “ಕೆಡಿಸಿದ್ದು. ಬೆಳಿಗ್ಗೆ ಎದ್ದು ತಾರಸಿಗೆ ಯಾಕೆ ಹೋಗಿದ್ದೆ?”

“ಸುಮ್ನೆ ಮಾವ, ಗ್ರೀಸ್ ನೋಡೋಣ ಅಂತ.”

ಮಾವ ಕೈ ಚಾಚಿ, “ನಾನು ಕೊಟ್ಟಿದ್ದ ಸ್ಕ್ರೂಡ್ರೈವರ್ ಇಲ್ಲಿ ಕೊಡು” ಅಂದರು. ಮರದ ಹಿಡಿಯ ಹಳೇ ಸ್ಕ್ರೂಡ್ರೈವರು, ಮದುವೆಗೂ ಮೊದಲು ಕೊಟ್ಟದ್ದು, ದಿನವೂ ಇವನ ಜೇಬಿನಲ್ಲಿರುತ್ತಿತ್ತು. ಲಿಫ್ಟಣ್ಣ ತೆಗೆದು ಕೊಟ್ಟ. ಮಾವ ಅದನ್ನು ತಮ್ಮ ಅಂಗಿಯ ಜೇಬಿಗೆ ಇಳಿಸಿಕೊಂಡು ಮುಖ ತಿರುಗಿಸಿದರು. ಹೊರಗೆ ಹೇಳಿಕೊಳ್ಳುವ ಹಾಗಿಲ್ಲ, ಒಳಗೆ ಇಟ್ಟುಕೊಳ್ಳುವ ಹಾಗಿಲ್ಲ, ಲಿಫ್ಟಣ್ಣ ಖಾಲಿ ಜೇಬು ಮುಟ್ಟಿಕೊಂಡು ಹೊರಗೆ ಬಂದ.

ಅಷ್ಟರಲ್ಲೇ ಐದನೇ ಮಹಡಿಯ ಟೈಲರಮ್ಮ ಫೋನು ಮಾಡಿದಳು. ಆಕೆಗೆ ಭಾನುವಾರವೇ ಗಿರಾಕಿ ಜಾಸ್ತಿ. ಬಟ್ಟೆಗಂಟು ಹೊತ್ತು ಲಿಫ್ಟಿನಲ್ಲಿ ನಿಂತು ಬಾಗಿಲನ್ನು ಕಾದು ಕಾದು ಅವಳ ತಾಳ್ಮೆ ಹರಿದಿತ್ತು. ಬಾಗಿಲ ಹಳಿಗೆ ಸೋಪು ತಿಕ್ಕಿ ನೋಡಿ ಎಂದಳು, ಇವನು ಅವಳ ಎದುರೇ ತಿಕ್ಕಿದ. ಮೇಣದಬತ್ತಿ ತಿಕ್ಕಿ ಎಂದಳು, ಅದನ್ನೂ ತಿಕ್ಕಿದ. ಬಾಗಿಲು ಮೂವತ್ತಕ್ಕೆ ಒಂದು ಸೆಕೆಂಡೂ ಕಮ್ಮಿ ಮಾಡಲಿಲ್ಲ. ಆಗ ಅವಳಿಗೆ ಎಲ್ಲ ಹೊಳೆಯಿತು. ಹೋದ ತಿಂಗಳು ಅವಳು ಲಿಫ್ಟಣ್ಣನ ಪ್ಯಾಂಟನ್ನು ಎರಡಂಗುಲ ಜಾಸ್ತಿ ಗಿಡ್ಡ ಮಾಡಿ ಕೊಟ್ಟಿದ್ದಳು. ಅವನು ಈಗ ಹಾಕಿಕೊಂಡದ್ದೂ ಅದನ್ನೇ.

“ಒಂದು ಪ್ಯಾಂಟಿಗೋಸ್ಕರ ಇಡೀ ಬಿಲ್ಡಿಂಗ್ ಮೇಲೆ ಸೇಡು ತೀರಿಸ್ಕೋತೀರಾ?” ಅಂದಳು.

ಲಿಫ್ಟಣ್ಣನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದ, ಕಾರ್ಯದರ್ಶಿಯ ಮುಖ ನೆನಪಾಯಿತು, ಮುಚ್ಚಿದ. ಮೊದಲನೇ ಮಹಡಿಗೆ ಇಳಿದು ಕಾರ್ಯದರ್ಶಿಯ ಬಾಗಿಲು ತಟ್ಟಿ, ಜನ ನನ್ನ ಮಾನ ಕಳೆಯುತ್ತಿದ್ದಾರೆ, ಇಷ್ಟಕ್ಕೇ ನಿಲ್ಲಿಸೋಣ ಎಂದು ಕೇಳಿಕೊಂಡ. ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದ ಕಾರ್ಯದರ್ಶಿ ಪುಟ ತಿರುಗಿಸಿ, ಭೂಮಿಗೋಸ್ಕರ ಒಂದು ದಿನ ಬೈಸಿಕೊಂಡರೆ ಏನೂ ಸವೆಯುವುದಿಲ್ಲ ಎಂದು ಹೇಳಿ ಕಳಿಸಿದ. ಸವೆಯುತ್ತಿದ್ದದ್ದು ಮೊಣಕಾಲು, ಅದೂ ಬೇರೆಯವರದು.

ಹತ್ತು ಗಂಟೆಯ ಹೊತ್ತಿಗೆ ಕಟ್ಟಡದಲ್ಲಿ ಯಾರೂ ಎಣಿಸದ ಒಂದು ವಿಷಯ ನಡೆಯಿತು. ಅಲ್ಲಿನ ಜನ ಹನ್ನೊಂದು ವರ್ಷದಿಂದ ಲಿಫ್ಟಿನಲ್ಲಿ ಐದೈದು ಸೆಕೆಂಡು ಪಕ್ಕಪಕ್ಕ ನಿಂತು, ಏನು ಸಮಾಚಾರ ಎಂದು ಕೇಳಿ, ಸಮಾಚಾರ ಬರುವ ಮೊದಲೇ ಇಳಿದು ಹೋದವರು. ಈಗ ಮಹಡಿ ಮಹಡಿಗೂ ಮೂವತ್ತು ಸೆಕೆಂಡು ಸಿಕ್ಕಿತು. ಮೊದಲು ಲಿಫ್ಟಣ್ಣನನ್ನು ಬೈದರು. ಬೈದು ಮುಗಿದ ಮೇಲೂ ಹೊತ್ತು ಉಳಿಯಿತು. ಆಗ ಮೂರನೇ ಮಹಡಿಯವರು ಐದನೇ ಮಹಡಿಯವರ ಮಗಳ ವಿಷಯ ಕೇಳಿದರು, ಐದನೆಯವರು ನಾಲ್ಕನೆಯವರ ಜಗಳದ ವಿಷಯ ಹೇಳಿದರು. ಏಳನೇ ಮಹಡಿ ಬಂದರೂ ಮಾತು ಅರ್ಧಕ್ಕೇ ನಿಂತಿರುತ್ತಿತ್ತು, ಹಾಗಾಗಿ ಇಳಿಯದೆ ಮತ್ತೆ ಕೆಳಗೆ ಬಂದರು. ಕೆಳಗೆ ಬಂದಾಗ ಇನ್ನಿಬ್ಬರು ಹತ್ತಿದರು, ಅವರಿಗೆ ಮೊದಲಿಂದ ಹೇಳಬೇಕಾಯಿತು. ಟೈಲರಮ್ಮ ಗುಂಡಿ ಹೊಲಿಯುವ ಕೆಲಸವನ್ನು ಲಿಫ್ಟಿಗೇ ತಂದಳು.

ಮಾವನಿಗೂ ಈ ಗದ್ದಲ ಕೇಳಿಸಿತು. ಮಗಳ ಹೆಗಲು ಹಿಡಿದು ಹೊರಗೆ ಬಂದು, ಸ್ಟೂಲು ತರಿಸಿ, ಲಿಫ್ಟಿನೊಳಗೆ, ಮಹಡಿ ಒತ್ತುವ ಗುಂಡಿಗಳ ಪಕ್ಕ ಹಾಕಿಸಿಕೊಂಡು ಕೂತೇಬಿಟ್ಟರು. ಪೆಟ್ಟಿಗೆಯ ತಳದಿಂದ ಹಳೇ ಟೋಪಿಯೂ ಹೊರಬಂತು. ನಿವೃತ್ತಿಯಾದಾಗಿನಿಂದ ಕಿಟಕಿಯ ಹತ್ತಿರ ಮಂಕಾಗಿ ಕೂತಿರುತ್ತಿದ್ದ ಮನುಷ್ಯ, ಈಗ ಮಹಡಿ ಬಂದ ಕೂಡಲೇ ಅದರ ನಂಬರು ಕೂಗಿ, ದಾರಿ ಬಿಡಿ, ಒಳಗೆ ಸರಿಯಿರಿ ಎನ್ನುತ್ತಾ ಹತ್ತು ವರ್ಷ ಚಿಕ್ಕವರಾದರು.

ಹನ್ನೆರಡು ಗಂಟೆಗೆ ಲಿಫ್ಟಣ್ಣ, ಹದಿನೈದನೆಯದೋ ಹದಿನಾರನೆಯದೋ ದೂರು ಮುಗಿಸಿಕೊಂಡು, ಇನ್ನು ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದು ಕೆಳಗೆ ಲಿಫ್ಟಿಗೆ ಕಾದು ನಿಂತ. ಬಾಗಿಲು ತೆರೆಯಿತು. ಒಳಗೆ ಜನ ಕಿಕ್ಕಿರಿದಿದ್ದರು. ಒಬ್ಬರೂ ಇಳಿಯಲಿಲ್ಲ. ಅವನು ಕಾಲಿಡುವಷ್ಟರಲ್ಲಿ ಮಾವ ಕೈ ಅಡ್ಡ ಹಿಡಿದರು.

“ಎಂಟು ಜನ ಆಯ್ತು. ಭಾರ ಜಾಸ್ತಿ ಆಗುತ್ತೆ, ಮುಂದಿನ ಸಲಕ್ಕೆ ಬಾ.”

“ಮಾವ, ನನ್ನ ಮೊಣಕಾಲು...”

“ಎಂಟು ಅಂತ ಬೋರ್ಡ್ ಬರೆದು ಹಾಕಿದವನು ನೀನೇ,” ಅಂದರು ಮಾವ. ಒಳಗಿದ್ದವರೆಲ್ಲ ಮೂವತ್ತು ಸೆಕೆಂಡು ಪೂರ್ತಿ ಅವನನ್ನು ನೋಡಿದರು. ಅವನು ಹೊರಗೆ ನಿಂತು ನೋಡಿಸಿಕೊಂಡ. ಕೊನೆಗೆ ಬಾಗಿಲು ಮುಚ್ಚಿತು, ಅವನು ಮೆಟ್ಟಿಲ ಕಡೆ ಹೋದ. ಮುಂದಿನ ಸಲವೂ ಎಂಟು ಜನರಿದ್ದರು, ಅದರ ಮುಂದಿನ ಸಲವೂ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆಯನ್ನು ಕುಕ್ಕಿದಳು. ಲಿಫ್ಟಿನಲ್ಲಿ ಒಂದು ಅರ್ಜಿ ತಿರುಗುತ್ತಿದೆಯಂತೆ. ಹೆಡ್‌ಮಾಸ್ಟರು ಬರೆದದ್ದು, ಟೈಲರಮ್ಮ ಹಿಡಿದುಕೊಂಡು ನಿಂತದ್ದು. ಲಿಫ್ಟಣ್ಣನನ್ನು ತೆಗೆದು ಹೊರಗಿನ ಕಂಪನಿಗೆ ಕೆಲಸ ಕೊಡಬೇಕು ಎಂದು ಅದರಲ್ಲಿದೆ. ಬೇರೆ ಯಾವ ದಿನವಾದರೂ ಆ ಕಟ್ಟಡದಲ್ಲಿ ಮನೆ ಮನೆಗೆ ಅಲೆದರೂ ಹತ್ತು ಸಹಿ ಬೀಳುತ್ತಿರಲಿಲ್ಲ. ಒಂದು ಹಾಳೆ ಓದಿ, ಪೆನ್ನು ಈಸಿಕೊಂಡು, ಸಹಿ ಹಾಕುವುದಕ್ಕೆ ಸರಿಯಾಗಿ ಮೂವತ್ತು ಸೆಕೆಂಡು ಬೇಕು. ಆ ಮೂವತ್ತು ಸೆಕೆಂಡನ್ನು ಲಿಫ್ಟಣ್ಣನೇ ತನ್ನ ಕೈಯಾರೆ ಒದಗಿಸಿದ್ದ.

“ಕಂಡೋರೆಲ್ಲಾ ಬಾಯಿಗೆ ಬಂದ ಹಾಗೆ ಆಡ್ತಿದಾರೆ, ನೀವು ಕಳ್ಳನ ಥರ ತಲೆ ತಗ್ಗಿಸ್ಕೊಂಡು ಓಡಾಡ್ತಿದೀರಲ್ಲ,” ಅಂದಳು ಹೆಂಡತಿ. “ಏನು ಮಾಡಿದೀರಿ ನಿಜ ಹೇಳಿ.”

ಲಿಫ್ಟಣ್ಣ ಅರ್ಧ ಊಟಕ್ಕೇ ಎದ್ದು ತಾರಸಿಗೆ ಹೋದ. ಮೋಟಾರಿನ ಕೋಣೆ ಒಲೆಯಂತೆ ಕಾದಿತ್ತು. ಲಿಫ್ಟ್ ದಿನಕ್ಕೆ ಎಷ್ಟು ಸಲ ಓಡಿತೆಂದು ಅಲ್ಲಿನ ಬೋರ್ಡೇ ಲೆಕ್ಕ ಇಡುತ್ತದೆ. ಮಾಮೂಲು ಭಾನುವಾರ ಸಂಜೆಯವರೆಗೆ ಇನ್ನೂರು ದಾಟುವುದಿಲ್ಲ. ಈಗಿನ್ನೂ ಮಧ್ಯಾಹ್ನ ಮೂರು ಗಂಟೆ, ಆಗಲೇ ಐನೂರ ಎಂಬತ್ತು. ಕರೆಂಟು ಉಳಿಸುವುದಿರಲಿ, ಇದು ಕರೆಂಟು ಕುಡಿಯುತ್ತಿತ್ತು. ಲಿಫ್ಟಣ್ಣ ಅಲ್ಲಿಂದಲೇ ತಜ್ಞೆಗೆ ಫೋನು ಹಚ್ಚಿದ.

“ಮೇಡಂ, ಒಬ್ಬರೂ ಮೆಟ್ಟಿಲು ಹತ್ತುತಾ ಇಲ್ಲ. ಎಲ್ಲಾ ಲಿಫ್ಟಲ್ಲೇ ಸಂಸಾರ ಹೂಡಿದಾರೆ. ನಾನು ಇದನ್ನ ಮೊದಲಿನ ಹಾಗೆ ಮಾಡಿಬಿಡ್ತೀನಿ.”

“ಖಂಡಿತಾ ಮುಟ್ಟಬೇಡಿ,” ಅಂದಳು ತಜ್ಞೆ. “ನಿಮಗೆ ಹಾಗೆ ಕಾಣುತ್ತೆ. ನನಗೆ ಇಲ್ಲಿ ಫೋನಲ್ಲೇ ಮೆಟ್ಟಿಲಿನ ಎಣಿಕೆ ಬರ್ತಿದೆ. ನಾನು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ.”

ಎಣಿಕೆ ಹೇಗೆ ಚೆನ್ನಾಗಿರುತ್ತದೆ ಎಂದು ಯೋಚಿಸುವಷ್ಟು ತಾಳ್ಮೆ ಅವನಿಗೆ ಉಳಿದಿರಲಿಲ್ಲ. ಕೆಳಗಿನಿಂದ ಮತ್ತೆ ಹೆಡ್‌ಮಾಸ್ಟರ ಫೋನು ಬಂತು. ಇಳಿದ. ಆಮೇಲೆ ಟೈಲರಮ್ಮ. ಹತ್ತಿದ. ಒಬ್ಬರಿಗೆ ಬಾಗಿಲ ರಬ್ಬರು ತೋರಿಸಬೇಕು, ಒಬ್ಬರಿಗೆ ಫ್ಯೂಸು ತೋರಿಸಬೇಕು, ಯಾರದೋ ಭಾವಮೈದ ಮಿಕ್ಸಿ ರಿಪೇರಿ ಮಾಡುತ್ತಾನಂತೆ, ಅವನಿಗೆ ಲಿಫ್ಟಿನ ತಳದ ಗುಂಡಿ ತೋರಿಸಬೇಕು. ಸಂಜೆ ಆರರ ಹೊತ್ತಿಗೆ ಮೊಣಕಾಲು ಊದಿಕೊಂಡು, ಟೈಲರಮ್ಮನ ಗಿಡ್ಡ ಪ್ಯಾಂಟು ಅಲ್ಲಿ ಬಿಗಿಯಾಗಿ ಹಿಡಿಯಿತು. ಇನ್ನರ್ಧ ಗಂಟೆ ತಡೆದುಕೋ, ನಿಜ ಹೊರಗೆ ಬರುತ್ತದೆ, ಇವರೆಲ್ಲ ಬಂದು ಕೈ ಹಿಡಿದು ತಪ್ಪಾಯಿತು ಅನ್ನುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಇಳಿದ. ತಿರುವಿನಲ್ಲಿ ಡಬ್ಬಿ ಟಿಕ್ ಎಂದಿತು.

ನೆಲಮಹಡಿಯ ಹಾಲ್ ತುಂಬಿತ್ತು. ಮಾವ ಟೋಪಿ ಸಮೇತ ಮುಂದಿನ ಸಾಲಿನಲ್ಲಿದ್ದರು. ಹೆಡ್‌ಮಾಸ್ಟರು ಅರ್ಜಿ ಬಿಚ್ಚಿ, ನಲವತ್ತಮೂರು ಸಹಿಗಳಿವೆ ಎಂದು ಹೇಳಿ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ತಜ್ಞೆ ಎದ್ದು ನಿಂತಳು. ಎಲ್ಲ ಬಿಡಿಸಿ ಹೇಳಿದಳು. ಬಾಗಿಲು ಕೆಟ್ಟಿಲ್ಲ, ನಿಧಾನ ಮಾಡಿಸಿದ್ದು ನಾವು, ಲಿಫ್ಟಣ್ಣ ಮಾಡಿದ್ದು ನಮ್ಮ ಮಾತಿಗೆ ಕಟ್ಟುಬಿದ್ದು. ಹೆಡ್‌ಮಾಸ್ಟರು ಅರ್ಜಿಯನ್ನು ಮೆಲ್ಲಗೆ ಮಡಚಿದರು. ಮಾವ ಹಿಂದೆ ತಿರುಗಿ ಅಳಿಯನನ್ನು ಒಂದು ಸಲ ನೋಡಿದರು, ಕೈ ತಾನಾಗಿ ಜೇಬಿನ ಸ್ಕ್ರೂಡ್ರೈವರಿನ ಮೇಲೆ ಹೋಯಿತು. ಬೆಳಿಗ್ಗೆಯಿಂದ ಮೊದಲ ಸಲ ಲಿಫ್ಟಣ್ಣ ಬೆನ್ನು ನೆಟ್ಟಗೆ ಮಾಡಿ ನಿಂತ.

ಆಗ ತಜ್ಞೆ ಗೋಡೆಯ ಮೇಲೆ ಎರಡು ಕಂಬದ ಒಂದು ಚಿತ್ರ ತೋರಿಸಿದಳು. ಒಂದು ಕಂಬ ಕುಳ್ಳ, ಒಂದು ಸೀಲಿಂಗಿಗೆ ಮುಟ್ಟುವಷ್ಟು ಉದ್ದ.

“ಹೋದ ಭಾನುವಾರ ಮೆಟ್ಟಿಲು ಬಳಸಿದ್ದು ಒಂಬತ್ತು ಸಲ. ಇವತ್ತು ಅರವತ್ತೇಳು ಸಲ. ನಿಮ್ಮಲ್ಲಿ ಹೆಚ್ಚಿನವರು ಇವತ್ತು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೀರಿ. ನಿಮಗೆ ಅಭಿನಂದನೆಗಳು.”

ಅರವತ್ತೇಳರಲ್ಲಿ ಪೇಪರಿನವನದು, ಕಸ ಒಯ್ಯುವವಳದು ಸೇರಿ ಎಂದಿನ ಒಂಬತ್ತು ಕಳೆದರೆ ಐವತ್ತೆಂಟು. ಲಿಫ್ಟಣ್ಣನ ಮೊಣಕಾಲು ಆ ಲೆಕ್ಕವನ್ನು ಅವನಿಗಿಂತ ಮೊದಲೇ ಮಾಡಿತು. ಆದರೆ ಹಾಲಿನಲ್ಲಿ ಬೇರೆಯೇ ಲೆಕ್ಕ ನಡೆಯುತ್ತಿತ್ತು. ಒಬ್ಬೊಬ್ಬರೂ ಪಕ್ಕದವರ ಮುಖ ನೋಡಿದರು. ನಾನಂತೂ ಬೆಳಿಗ್ಗೆಯಿಂದ ಲಿಫ್ಟಿನಲ್ಲೇ ಇದ್ದೆ, ಹಾಗಾದರೆ ಹತ್ತಿದವರು ಇವರೆಲ್ಲ, ಹತ್ತದೆ ಉಳಿದ ದಂಡಪಿಂಡ ನಾನೊಬ್ಬನೇ ಎಂದು ಒಬ್ಬೊಬ್ಬರಿಗೂ ಅನ್ನಿಸಿತು. ಎಂಟೆಂಟು ಜನ ಒಟ್ಟಿಗೆ ನಿಂತಿದ್ದವರಿಗೂ ಹಾಗೇ ಅನ್ನಿಸಿತು.

ಮೊದಲು ಟೈಲರಮ್ಮ ಬಾಯಿಬಿಟ್ಟಳು. ತಾನು ಐದಾರು ಸಲ ಹತ್ತಿದೆ, ಬಟ್ಟೆಗಂಟು ಹೊತ್ತುಕೊಂಡೇ ಹತ್ತಿದೆ ಎಂದಳು. ಹೆಡ್‌ಮಾಸ್ಟರು ತಾವು ಎಂಟು ಸಲ ಎಂದರು, ಪ್ರತಿ ಸಲ ಎಷ್ಟು ನಿಮಿಷ ಹಿಡಿಯಿತೆಂದೂ ಹೇಳಿದರು. ಮಿಕ್ಸಿ ರಿಪೇರಿಯವನು ಆ ಕಟ್ಟಡದವನೇ ಅಲ್ಲ, ಅವನೂ ಎರಡು ಸಲ ಅಂದ. ಇವತ್ತು ಒಂದು ಸಲವಾದರೂ ಮೆಟ್ಟಿಲು ಹತ್ತಿದವರು ಕೈ ಎತ್ತಿ ಎಂದಳು ತಜ್ಞೆ. ಹಾಲ್‌ಗೆ ಹಾಲೇ ಕೈ ಎತ್ತಿತು. ಮುಂದಿನ ಸಾಲಿನಲ್ಲಿ, ಟೋಪಿಯ ಪಕ್ಕ, ಮಾವನ ಕೈಯೂ ಮೇಲೆ ಹೋಯಿತು.

ಅದನ್ನು ಕಂಡು ಲಿಫ್ಟಣ್ಣನಿಗೆ ತಡೆಯಲಾಗಲಿಲ್ಲ.

“ಯಾರ್ರೀ ಹತ್ತಿದ್ದು?” ಎಂದು ಕೂಗಿದ. “ಒಬ್ಬರಾದ್ರೂ ಹತ್ತಿದ್ರೆ ಇಲ್ಲಿ ಬಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿ. ಆ ಐವತ್ತೆಂಟೂ ನಂದು. ನೀವು ಕರೆದಾಗೆಲ್ಲ ಹತ್ತಿದ್ದು ನಾನು, ಇಳಿದಿದ್ದು ನಾನು. ಲಿಫ್ಟ್ ಇವತ್ತು ಮೂರರಷ್ಟು ಓಡಿದೆ, ಮೇಲೆ ಬೋರ್ಡಲ್ಲಿ ಲೆಕ್ಕ ಇದೆ, ಬಂದು ನೋಡಿ. ಭೂಮಿ ಕಾಯ್ತಿದೆ ಅಂತ ನಮ್ಮನ್ನ ಒಂದು ಮಾತು ಕೇಳಿದ್ರೆ ನಾಲ್ಕು ಜನ ಆದ್ರೂ ನಿಜವಾಗಿ ಹತ್ತುತಿದ್ರು. ಕೇಳ್ದೆ ಆಟ ಆಡಿಸಿದ್ರಿ, ಈಗ ಎಲ್ಲಾ ಸೇರ್ಕೊಂಡು ಸುಳ್ಳು ಹೇಳ್ತಿದೀರಿ.”

ಆಮೇಲೆ ಹೆಡ್‌ಮಾಸ್ಟರು ಎದ್ದರು. ಅವರ ಮುಖ ಕೆಂಪಾಗಿತ್ತು. ಬಾಗಿಲನ್ನು ಬೇಕೆಂದ ಹಾಗೆ ತಿರುಚಬಲ್ಲವನು ಬೋರ್ಡಿನ ಲೆಕ್ಕವನ್ನು ತಿರುಚಲಾರನೇ ಎಂದು ಕೇಳಿದರು. ಇಡೀ ಕಟ್ಟಡ ಬೆವರು ಸುರಿಸಿದ್ದನ್ನು ತಾನೊಬ್ಬನೇ ಹೊಡೆದುಕೊಳ್ಳಲು ನೋಡುತ್ತಾನಲ್ಲ ಎಂದಳು ಟೈಲರಮ್ಮ. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ಐದು ನಿಮಿಷದ ಹಿಂದೆ ಹುಟ್ಟಿದ ಸುಳ್ಳನ್ನು ಅವಳು ಆಗಲೇ ನಂಬಿಬಿಟ್ಟಿದ್ದಳು. ತಜ್ಞೆ ಮಾತ್ರ ಸಣ್ಣ ದನಿಯಲ್ಲಿ, ಒಬ್ಬರೇ ಐವತ್ತೆಂಟು ಸಲ ಅನ್ನೋದು ಸಾಧ್ಯ ಇಲ್ಲ, ಆ ಥರ ನಡವಳಿಕೆ ಎಲ್ಲೂ ದಾಖಲಾಗಿಲ್ಲ ಎಂದಳು.

ಕಾರ್ಯದರ್ಶಿ ಮೇಜು ಕುಟ್ಟಿ ಎದ್ದು ನಿಂತ. ಜನರಿಗೆ ಮೆಟ್ಟಿಲಿನ ಮೇಲೆ ಇಷ್ಟು ಪ್ರೀತಿ ಹುಟ್ಟಿರುವಾಗ ಲಿಫ್ಟನ್ನು ಓಡಿಸುವುದೇ ತಪ್ಪು, ಇವತ್ತಿನಿಂದಲೇ ನಿಲ್ಲಿಸಿಬಿಡೋಣ, ಕಾಯಿಲೆ ಕಸಾಲೆ ಬಂದಾಗ ಮಾತ್ರ ಅರ್ಜಿ ಕೊಟ್ಟು ತೆರೆಸಿಕೊಂಡರಾಯಿತು ಎಂದ. ಟೈಲರಮ್ಮನ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡರು. ಎಂಟು ಸಲ ಹತ್ತಿದವರು ಯಾವ ಮುಖ ಇಟ್ಟುಕೊಂಡು ಬೇಡ ಅನ್ನುತ್ತಾರೆ? ಹಿಂದಿನಿಂದ ಯಾರೋ, ವಯಸ್ಸಾದವರಿಗೆ ಕಷ್ಟವಾಗುವುದಿಲ್ಲವೇ ಎಂದು ಅಳುಕುತ್ತಾ ಕೇಳಿದರು.

“ತಾತನೇ ಕೈ ಎತ್ತಿದಾರೆ,” ಅಂದ ಕಾರ್ಯದರ್ಶಿ, ಮಾವನ ಕಡೆ ತೋರಿಸಿ. “ಅವರೇ ಹತ್ತಿದ ಮೇಲೆ ಇನ್ಯಾರಿಗ್ರೀ ಕಷ್ಟ?”

ಎಲ್ಲರೂ ಚಪ್ಪಾಳೆ ಹೊಡೆದರು. ಲಿಫ್ಟೇ ಓಡದ ಮೇಲೆ ಅದನ್ನು ನೋಡಿಕೊಳ್ಳುವವನು ಬೇಕಾಗುವುದಿಲ್ಲ ಎನ್ನುವುದನ್ನು ಯಾರೂ ಬೇರೆ ಹೇಳಲಿಲ್ಲ, ಅದು ಚಪ್ಪಾಳೆಯೊಳಗೇ ಇತ್ತು. ಬೀಗದ ಕೈ ಲಿಫ್ಟಣ್ಣನ ಹತ್ತಿರವೇ ಇದ್ದ ಕಾರಣ ಅವನೇ ಹೋಗಿ ಲಿಫ್ಟನ್ನು ಬಂದ್ ಮಾಡಬೇಕಾಯಿತು. ತನ್ನ ಲಿಫ್ಟಿನ ದೀಪ ಆರಿಸಿದ. ಬಾಗಿಲು ಕೊನೆಯ ಸಲ ಮೂವತ್ತು ಸೆಕೆಂಡು ತೆಗೆದುಕೊಂಡು ಮುಚ್ಚಿತು. ಕೈಯಲ್ಲಿದ್ದ ಬೀಗದ ಕೈಯನ್ನು ಕಾರ್ಯದರ್ಶಿ ಈಸಿಕೊಂಡು, ಒಂದು ಮಹಡಿ ಹತ್ತಿ ಮನೆಗೆ ಹೋದ.

ಉಳಿದವರೂ ಏದುಸಿರು ಬಿಡುತ್ತಾ, ಆದರೆ ಏದುಸಿರು ಕೇಳಿಸದ ಹಾಗೆ ನೋಡಿಕೊಳ್ಳುತ್ತಾ ಮೇಲೆ ಹತ್ತಿದರು. ಹೆಂಡತಿ ಸ್ಟೂಲು ಎತ್ತಿಕೊಂಡು, ಗಂಡನ ಮುಖವನ್ನಾಗಲಿ ಅಪ್ಪನ ಮುಖವನ್ನಾಗಲಿ ನೋಡದೆ ಮುಂದೆ ಹೋದಳು. ಮೆಟ್ಟಿಲ ಬುಡದಲ್ಲಿ ಮಾವ ಒಬ್ಬರೇ ಕಂಬಿ ಹಿಡಿದು, ಏಳು ಮಹಡಿಯನ್ನು ಕತ್ತೆತ್ತಿ ನೋಡುತ್ತಾ ನಿಂತಿದ್ದರು.

“ಯಾಕೆ ಮಾವ ಕೈ ಎತ್ತಿದ್ರಿ?” ಎಂದು ಕೇಳಿದ ಲಿಫ್ಟಣ್ಣ. ದನಿಯಲ್ಲಿ ಸಿಟ್ಟು ಹಾಗೇ ಇತ್ತು, ಕೂಗುವ ಶಕ್ತಿ ಮಾತ್ರ ಇರಲಿಲ್ಲ.

“ಎಲ್ಲಾರೂ ಎತ್ತಿದ್ರು ಕಣೋ. ನಾನೊಬ್ಬ ಸುಮ್ನೆ ಕೂತ್ರೆ ಚೆನ್ನಾಗಿರಲ್ಲ ಅಂತ ಎತ್ತಿದೆ.”

ಲಿಫ್ಟಣ್ಣ ಬಗ್ಗಿ ಕೂತ, ಮಾವನನ್ನು ಬೆನ್ನ ಮೇಲೆ ಹತ್ತಿಸಿಕೊಂಡ, ಹಲ್ಲು ಕಚ್ಚಿ ಎದ್ದ. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಚುಳ್ ಎಂದಿತು. ಒಂದೊಂದು ಮೆಟ್ಟಿಲಿಗೂ ಮಾವನ ಜೇಬಿನ ಸ್ಕ್ರೂಡ್ರೈವರು ಅವನ ಬೆನ್ನಿಗೆ ಮೆಲ್ಲಗೆ ತಿವಿಯಿತು. ಮೊದಲನೇ ಮಹಡಿಯಲ್ಲಿ ಕಾರ್ಯದರ್ಶಿಯ ಮನೆಯಿಂದ ಟೀವಿಯ ಸದ್ದು ಬರುತ್ತಿತ್ತು. ಎರಡನೇ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡ. ತಿರುವಿಗೆ ಬಂದಾಗ ಡಬ್ಬಿ ಟಿಕ್ ಎಂದಿತು. ಹಿಂದೆಯೇ, ಪಕ್ಕದಲ್ಲಿ ಜೋತಾಡುತ್ತಿದ್ದ ಮಾವನ ಕಾಲಿಗೆ, ಇನ್ನೊಂದು ಸಲ ಟಿಕ್ ಎಂದಿತು.

“ನೋಡ್ದಾ,” ಅಂದರು ಮಾವ ಬೆನ್ನ ಮೇಲಿನಿಂದ. “ನಾನೇನೂ ಸುಳ್ಳು ಹೇಳ್ಲಿಲ್ಲ.”